ಒಳಕಿವಿ ನಿಜವನ್ನೇ ಹೇಳುತ್ತದೆ, ಆದರೆ ಪೂರ್ತಿ ಹೇಳುವುದಿಲ್ಲ

ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಎಲ್ಲರೂ ಅಂಗೈಯನ್ನು ಮುಖದ ಮುಂದೆ ಹಿಡಿಯಿರಿ. ಕೈಯ ಗೆರೆಗಳನ್ನು ನೋಡಿ. ಈಗ ತಲೆಯನ್ನು ಹಾಗೇ ಇಟ್ಟುಕೊಂಡು ಕೈಯನ್ನು ಮಾತ್ರ ಎಡಕ್ಕೂ ಬಲಕ್ಕೂ ಜೋರಾಗಿ ಆಡಿಸಿ. ಗೆರೆಗಳು ಕಲಸಿಹೋದವು, ಅಲ್ವಾ? ಈಗ ಕೈ ನಿಲ್ಲಿಸಿ. ‘ಇಲ್ಲ, ಇಲ್ಲ’ ಅನ್ನುವ ಹಾಗೆ ತಲೆಯನ್ನು ಅಷ್ಟೇ ಜೋರಾಗಿ ಆಡಿಸಿ. ಕುತ್ತಿಗೆ ನೋವಿರುವವರು ಮಾತ್ರ ಸುಮ್ನೆ ಕೂತಿರಿ. ಈ ಸಲ ಗೆರೆಗಳು ಚೆನ್ನಾಗಿಯೇ ಕಾಣುತ್ತಿವೆ.

ಎರಡು ಸಲವೂ ಕೈ ಮತ್ತು ಕಣ್ಣಿನ ನಡುವೆ ಆದ ಓಡಾಟ ಒಂದೇ. ಹಾಗಿದ್ದರೆ ಒಂದರಲ್ಲಿ ಮಸುಕು, ಇನ್ನೊಂದರಲ್ಲಿ ಸ್ಪಷ್ಟ ಯಾಕೆ? ಕೈ ಆಡಿದಾಗ ಕಣ್ಣು ನೋಡಿಕೊಂಡು ಹಿಂಬಾಲಿಸಬೇಕು. ನೋಡಿ ತಿಳಿದು ಕಣ್ಣು ತಿರುಗಿಸುವುದಕ್ಕೆ ಸೆಕೆಂಡಿನ ಸುಮಾರು ಹತ್ತನೇ ಒಂದು ಪಾಲು ಬೇಕು. ಅಷ್ಟರಲ್ಲಿ ಕೈ ಬೇರೆಲ್ಲೋ ಹೋಗಿರುತ್ತದೆ. ತಲೆ ಆಡಿದಾಗ ಕಣ್ಣು ನೋಡುವುದಕ್ಕೆ ಕಾಯುವುದಿಲ್ಲ. ತಲೆ ಎತ್ತ ತಿರುಗಿತು ಅನ್ನುವುದನ್ನು ಒಳಕಿವಿಯೇ ತಿಳಿಸುತ್ತದೆ. ಕಣ್ಣು ಅದರ ವಿರುದ್ಧ ದಿಕ್ಕಿಗೆ ಅಷ್ಟೇ ತಿರುಗುತ್ತದೆ. ದಾರಿಯಲ್ಲಿರುವುದು ಮೂರೇ ನರಕೋಶಗಳು. ಸೆಕೆಂಡಿನ ನೂರನೇ ಒಂದು ಪಾಲಿನ ಒಳಗೆ ಕೆಲಸ ಮುಗಿದಿರುತ್ತದೆ.

ಇದು ಇಲ್ಲದೆ ಹೋದರೆ ಏನಾಗುತ್ತದೆ? 1952ರಲ್ಲಿ ವೈದ್ಯರೊಬ್ಬರು ತಮ್ಮದೇ ಕತೆಯನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಕ್ಷಯದ ಸೋಂಕಿಗೆ ಅವರಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟಿದ್ದರು. ಆ ಔಷಧ ಎರಡೂ ಕಿವಿಗಳ ಸಮತೋಲದ ಭಾಗವನ್ನು ಹಾಳು ಮಾಡಿತು. ಹಾಸಿಗೆಯಲ್ಲಿ ಓದಬೇಕೆಂದರೆ ಅವರು ಮಂಚದ ತಲೆಭಾಗದ ಎರಡು ಲೋಹದ ಸರಳುಗಳ ನಡುವೆ ತಲೆಯನ್ನು ಒತ್ತಿ ಹಿಡಿದುಕೊಳ್ಳಬೇಕಿತ್ತು. ಇಲ್ಲದಿದ್ದರೆ ನಾಡಿ ಬಡಿದಾಗಲೆಲ್ಲ ಅಕ್ಷರಗಳು ಕುಣಿಯುತ್ತಿದ್ದವು. ಬೀದಿಯಲ್ಲಿ ನಡೆಯುತ್ತಿರುವಾಗ ಪರಿಚಯದವರ ಮುಖ ಗುರುತಿಸಲೂ ಆಗುತ್ತಿರಲಿಲ್ಲ. ನಿಂತರೆ ಸರಿ. ಒಳಕಿವಿ ಕೆಟ್ಟರೆ ಬೀಳುತ್ತೇವೆ ಎಂದಷ್ಟೇ ನಾವು ತಿಳಿದಿರುತ್ತೇವೆ. ನೋಟವೂ ಕೆಡುತ್ತದೆ ಅನ್ನುವುದು ಹೊಳೆಯುವುದೇ ಇಲ್ಲ.

ಈ ಅಂಗ ಇರುವುದು ಕಿವಿಯ ಹಿಂದೆ, ತಲೆಬುರುಡೆಯ ತುಂಬ ಗಟ್ಟಿಯಾದ ಮೂಳೆಯ ಒಳಗೆ. ಶಬ್ದ ಕೇಳುವ ಸುರುಳಿಗೆ ಅಂಟಿಕೊಂಡೇ ಇದೆ. ಇದರಲ್ಲಿ ಎರಡು ತರಹದ ಭಾಗಗಳಿವೆ. ಒಂದು, ಬಾಗಿದ ಮೂರು ನಾಳಗಳು. ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ಕೂತಿವೆ. ಹಾಗಾಗಿ ತಲೆ ಯಾವ ಕಡೆ ತಿರುಗಿದರೂ ಒಂದಕ್ಕಾದರೂ ಗೊತ್ತಾಗುತ್ತದೆ. ಇನ್ನೊಂದು, ಎರಡು ಪುಟ್ಟ ಚೀಲಗಳು. ಅವುಗಳ ವಿಷಯ ಆಮೇಲೆ.

ನಾಳದೊಳಗೆ ದ್ರವ ಇದೆ. ನೀರು ತುಂಬಿದ ಪಾತ್ರೆಯನ್ನು ಥಟ್ಟನೆ ತಿರುಗಿಸಿ ನೋಡಿ. ಪಾತ್ರೆ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ನಾಳದಲ್ಲಿ ಆಗುವುದೂ ಇದೇ. ಹಿಂದುಳಿದ ದ್ರವ ಅಲ್ಲಿರುವ ಮೆತ್ತನೆಯ ಪರದೆಯೊಂದನ್ನು ಬಾಗಿಸುತ್ತದೆ. ಅದರ ಕೆಳಗಿರುವ ರೋಮಕೋಶಗಳಿಗೆ ಕೂದಲಿನಂಥ ಎಳೆಗಳಿವೆ, ಪರದೆಯೊಳಗೆ ಚಾಚಿಕೊಂಡಿರುವ ಆ ಎಳೆಗಳು ಬಾಗುತ್ತವೆ. ನರಕ್ಕೆ ಸುದ್ದಿ ಹೋಗುತ್ತದೆ. ಪಾತ್ರೆಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತಲೇ ಇದ್ದರೆ? ಸ್ವಲ್ಪ ಹೊತ್ತಿಗೆ ನೀರೂ ಅದೇ ವೇಗದಲ್ಲಿ ತಿರುಗುತ್ತದೆ. ಪರದೆ ನೆಟ್ಟಗಾಗುತ್ತದೆ. ಸುದ್ದಿ ನಿಲ್ಲುತ್ತದೆ.

ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಒಳಕಿವಿ ಚಲನೆಯನ್ನು ಅಳೆಯುವುದಿಲ್ಲ. ಚಲನೆಯಲ್ಲಿ ಆಗುವ ಬದಲಾವಣೆಯನ್ನು ಅಳೆಯುತ್ತದೆ. ಉಳಿದದ್ದೆಲ್ಲ ಮಿದುಳಿನ ಊಹೆ. ಕಣ್ಣು ಮುಚ್ಚಿಸಿ, ಒಂದೇ ವೇಗದಲ್ಲಿ ತಿರುಗುವ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ. ಅರ್ಧ ನಿಮಿಷದಷ್ಟರಲ್ಲಿ ತಿರುಗುವ ಅನುಭವ ಬಹುಪಾಲು ಕರಗಿಹೋಗುತ್ತದೆ. ಕುರ್ಚಿ ಗಕ್ಕನೆ ನಿಂತಾಗ ‘ಈಗ ಆ ಕಡೆಗೆ ತಿರುಗುತ್ತಿದ್ದೇನೆ’ ಎಂದು ಅವರು ವಿರುದ್ಧ ದಿಕ್ಕು ತೋರಿಸುತ್ತಾರೆ. ಅವರ ಕಿವಿ ಸುಳ್ಳು ಹೇಳಿಲ್ಲ. ವೇಗ ಬದಲಾಯಿತು ಎಂದು ತಿಳಿಸಿತು, ಅಷ್ಟೇ.

ಇದು ಗೊತ್ತಾಗಿದ್ದಕ್ಕೆ ಒಂದು ಉದ್ದನೆಯ ಕತೆ ಇದೆ. ಈ ನಾಳಗಳು ಶಬ್ದ ಯಾವ ಕಡೆಯಿಂದ ಬಂತು ಎಂದು ತಿಳಿಯುವುದಕ್ಕೆ ಇವೆ ಎಂದೇ ಬಹಳ ಕಾಲ ನಂಬಿದ್ದರು. 1820ರ ದಶಕದಲ್ಲಿ ಪ್ಯಾರಿಸ್‌ನ ಪಿಯರ್ ಫ್ಲೂರೆನ್ಸ್ ಪಾರಿವಾಳಗಳಲ್ಲಿ ಒಂದೊಂದೇ ನಾಳವನ್ನು ಕತ್ತರಿಸಿ ನೋಡಿದರು. ಪಾರಿವಾಳಕ್ಕೆ ಕಿವಿ ಕೇಳುತ್ತಿತ್ತು. ಆದರೆ ಅಡ್ಡ ನಾಳ ಕತ್ತರಿಸಿದರೆ ತಲೆ ಅಡ್ಡಡ್ಡ ಆಡುತ್ತಿತ್ತು, ಲಂಬ ನಾಳ ಕತ್ತರಿಸಿದರೆ ಲಾಗ ಹಾಕುತ್ತಿತ್ತು. ಕ್ರೂರ ಪ್ರಯೋಗ, ನಿಜ. ಫಲಿತಾಂಶ ಮಾತ್ರ ಕಣ್ಣಿಗೆ ಹೊಡೆಯುವಂತಿತ್ತು. ಆದರೂ ಅದರ ಅರ್ಥ ಬಿಡಿಸುವುದಕ್ಕೆ ಇನ್ನೂ ಐವತ್ತು ವರ್ಷ ಹಿಡಿಯಿತು. 1870ರ ದಶಕದಲ್ಲಿ ಅರ್ನ್ಸ್ಟ್ ಮಾಕ್, ಜೋಸೆಫ್ ಬ್ರಾಯರ್, ಅಲೆಕ್ಸಾಂಡರ್ ಕ್ರಮ್ ಬ್ರೌನ್ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ನಾಳಗಳು ತಲೆ ತಿರುಗುವುದನ್ನು ಗ್ರಹಿಸುತ್ತವೆ. ಹೌದು, ವಿಮಾನದ ವೇಗ ಹೇಳುವಾಗ ಬಳಸುವ ‘ಮಾಕ್’ ಇದೇ ಮಾಕ್ ಹೆಸರಿನದು. ಮನೋವಿಶ್ಲೇಷಣೆಯ ಚರಿತ್ರೆಯಲ್ಲಿ ಫ್ರಾಯ್ಡ್ ಜತೆ ಬರುವ ಬ್ರಾಯರ್ ಕೂಡ ಇದೇ ಬ್ರಾಯರ್.

1882ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟ. ಕತ್ತರಿ ಇಲ್ಲ, ಯಂತ್ರ ಇಲ್ಲ. ಕಿವುಡರನ್ನು ಗಿರಗಿರ ತಿರುಗಿಸಿ ತಲೆ ಸುತ್ತುತ್ತದೆಯೇ ಎಂದು ಕೇಳಿದ್ದು. 519 ಜನರಲ್ಲಿ 186 ಮಂದಿಗೆ ಏನೂ ಆಗಲಿಲ್ಲ. ಕಿವುಡುತನದ ಜತೆಗೆ ಅವರ ನಾಳಗಳೂ ಕೆಲಸ ನಿಲ್ಲಿಸಿದ್ದವು.

ಈಗ ಆ ಎರಡು ಚೀಲಗಳಿಗೆ ಬರೋಣ. ಅವುಗಳಲ್ಲಿ ಮೆತ್ತನೆಯ ಹಾಸು, ಹಾಸಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಾವಿರಾರು ಹರಳುಗಳು. ಒಂದೊಂದರ ಉದ್ದ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ತಲೆ ವಾಲಿದರೆ ಹರಳುಗಳ ತೂಕಕ್ಕೆ ಹಾಸು ಜಾರುತ್ತದೆ, ಕೆಳಗಿನ ರೋಮಕೋಶಗಳು ಬಾಗುತ್ತವೆ. ವಾಹನ ಜೋರಾಗಿ ಮುಂದಕ್ಕೆ ನುಗ್ಗಿದಾಗಲೂ ಹಾಸು ಹಿಂದಕ್ಕೆ ಜಾರುತ್ತದೆ. ತೊಂದರೆ ಇಲ್ಲೇ ಇರುವುದು. ಈ ಎರಡರ ವ್ಯತ್ಯಾಸ ಹರಳಿಗೆ ಗೊತ್ತಾಗುವುದಿಲ್ಲ. ಇದು ಅಂಗದ ದೋಷ ಅಲ್ಲ. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಒಳಗೆ ಕೂತ ಯಾವ ಅಳತೆಯೂ ಬೇರ್ಪಡಿಸಲಾರದು ಎಂದು 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದು ಇದೇ ಸಂಗತಿ. ನಮ್ಮ ಕಿವಿ ಆ ನಿಯಮದಿಂದ ತಪ್ಪಿಸಿಕೊಳ್ಳುವುದು ಹೇಗೆ?

ಪೈಲಟ್‌ಗಳಿಗೆ ಇದು ಪ್ರಾಣದ ಪ್ರಶ್ನೆ. ಕತ್ತಲಲ್ಲಿ, ಹೊರಗೆ ಒಂದು ದೀಪವೂ ಕಾಣದಿರುವಾಗ ವಿಮಾನ ಮೇಲೇಳುತ್ತದೆ ಅಂದುಕೊಳ್ಳಿ. ವೇಗ ಏರುತ್ತಿರುವುದರಿಂದ ಹರಳುಗಳು ಹಿಂದೆ ಜಾರುತ್ತವೆ. ವಿಮಾನದ ಮೂತಿ ತೀರಾ ಮೇಲಕ್ಕೆದ್ದಿದೆ ಎಂದು ಪೈಲಟ್‌ಗೆ ಅನಿಸುತ್ತದೆ. ಆ ಅನಿಸಿಕೆಯನ್ನು ನಂಬಿ ಮೂತಿ ಕೆಳಗಿಳಿಸಿದರೆ ಮುಗಿಯಿತು. ನೆಲ ಅಲ್ಲೇ ಇದೆ. ‘ಮೈಗೆ ಏನೇ ಅನಿಸಲಿ, ಮೀಟರ್ ನಂಬು’ ಎಂದು ಪೈಲಟ್ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಕಾಯಿಲೆಗಳ ಕಡೆ ಬರೋಣ, ನಿಮ್ಮಲ್ಲಿ ಹೆಚ್ಚಿನವರು ಬಂದಿರುವುದು ಅದಕ್ಕೇ ಅನಿಸುತ್ತದೆ. ತಲೆ ಸುತ್ತಿದರೆ ಅದು ಮಿದುಳಿಗೆ ರಕ್ತ ನುಗ್ಗಿದ್ದರಿಂದ ಎಂದು ಹಿಂದಿನ ವೈದ್ಯರು ನಂಬಿದ್ದರು. ಚಿಕಿತ್ಸೆ ಎಂದರೆ ರಕ್ತ ತೆಗೆಯುವುದು. ಪ್ಯಾರಿಸ್‌ನ ಕಿವುಡರ ಸಂಸ್ಥೆಯಲ್ಲಿ ವೈದ್ಯರಾಗಿದ್ದ ಪ್ರಾಸ್ಪರ್ ಮೆನಿಯೇರ್ 1861ರಲ್ಲಿ ಅದನ್ನು ಪ್ರಶ್ನಿಸಿದರು. ತಲೆ ಸುತ್ತು, ಕಿವಿಯಲ್ಲಿ ಗುಂಯ್ ಶಬ್ದ, ಕಿವಿ ಮಂದವಾಗುವುದು ಒಟ್ಟೊಟ್ಟಿಗೇ ಬರುತ್ತವೆ, ಮೂಲ ಕಿವಿಯಲ್ಲೇ ಇರಬೇಕು ಎಂದರು. ಮರುವರ್ಷವೇ ತೀರಿಕೊಂಡರು. ಆ ಕಾಯಿಲೆಗೆ ಇವತ್ತೂ ಅವರದೇ ಹೆಸರು.

ಆಮೇಲೆ ಬಂದವರು ವಿಯೆನ್ನಾದ ರಾಬರ್ಟ್ ಬಾರಾನಿ. ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ರೋಗಿಯ ಕಣ್ಣುಗುಡ್ಡೆ ಒಂದು ದಿಕ್ಕಿಗೆ ಮತ್ತೆ ಮತ್ತೆ ಜಿಗಿದು ಹೊಡೆದುಕೊಳ್ಳುತ್ತದೆ, ಬಿಸಿ ಇದ್ದರೆ ಅದರ ವಿರುದ್ಧ ದಿಕ್ಕಿಗೆ ಎಂದು ಅವರು ಗಮನಿಸಿದರು. ಬಿಸಿಯಾದ ದ್ರವ ಹಗುರಾಗಿ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ, ಆ ಹರಿವಿಗೆ ತಲೆ ತಿರುಗಿದಂತಾಗುತ್ತದೆ ಎಂದು ವಿವರಿಸಿದರು. ಒಂದೊಂದೇ ಕಿವಿಯನ್ನು ಬೇರೆಯಾಗಿ ಪರೀಕ್ಷಿಸುವ ದಾರಿ ಸಿಕ್ಕಿತು. 1914ರ ನೊಬೆಲ್ ಅವರಿಗೆ ಬಂತು. ಆದರೆ ಆ ಸುದ್ದಿ ಬಂದಾಗ ಅವರು ರಷ್ಯನ್ನರ ಕೈಯಲ್ಲಿ ಯುದ್ಧಕೈದಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯೆ ಬಂದು ಮಾತಾಡಿದ ಮೇಲೆ 1916ರಲ್ಲಿ ಬಿಡುಗಡೆ ಆಯಿತು.

ಇಲ್ಲಿ ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಬಾರಾನಿಯ ವಿವರಣೆ ಸರಿಯಿದ್ದರೆ, ತೂಕವೇ ಇಲ್ಲದ ಕಡೆ ಬಿಸಿ ದ್ರವ ಮೇಲೇರಬಾರದು, ಕಣ್ಣೂ ಹೊಡೆದುಕೊಳ್ಳಬಾರದು. 1983ರಲ್ಲಿ ಸ್ಪೇಸ್‌ಲ್ಯಾಬ್‌ನಲ್ಲಿ ಕಕ್ಷೆಗೆ ಹೋದ ಗಗನಯಾತ್ರಿಗಳ ಮೇಲೆ ಇದನ್ನು ಮಾಡಿ ನೋಡಿದರು. ಕಣ್ಣು ಹೊಡೆದುಕೊಂಡಿತು! ಅಂದರೆ ಬಿಸಿಗೆ ದ್ರವ ಹಿಗ್ಗುವುದೋ, ರೋಮಕೋಶಗಳಿಗೇ ನೇರವಾಗಿ ಬಿಸಿ ತಟ್ಟುವುದೋ, ಇನ್ನೂ ಏನೋ ಸೇರಿಕೊಂಡಿದೆ. ನೆಲದ ಮೇಲೆ ಹರಿವಿನದೇ ದೊಡ್ಡ ಪಾಲು, ಅದರಲ್ಲಿ ಅನುಮಾನ ಇಲ್ಲ. ಆದರೆ ನೊಬೆಲ್ ಬಂದ ವಿವರಣೆಯೂ ಪೂರ್ತಿ ಅಲ್ಲ ಎಂದು ತೋರಿಸಲು ಆಕಾಶಕ್ಕೇ ಹೋಗಬೇಕಾಯಿತು.

ಈಗ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ತೊಂದರೆ. ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತೀರಿ. ಕೋಣೆ ಗಿರ್ರೆಂದು ತಿರುಗುತ್ತದೆ. ಒಂದು ನಿಮಿಷದೊಳಗೆ ನಿಲ್ಲುತ್ತದೆ. ಮೇಲಿನ ಅಟ್ಟದಿಂದ ಏನೋ ತೆಗೆಯಲು ಕತ್ತು ಎತ್ತುತ್ತೀರಿ, ಮತ್ತೆ ಅದೇ. ನೆಟ್ಟಗೆ ಕೂತರೆ ಏನೂ ಇಲ್ಲ. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ವೈದ್ಯರು ಇದನ್ನು ಬಿಪಿಪಿವಿ ಎನ್ನುತ್ತಾರೆ, ಅಂದರೆ ಭಂಗಿ ಬದಲಿಸಿದಾಗ ಥಟ್ಟನೆ ಬಂದುಹೋಗುವ, ಅಪಾಯವಿಲ್ಲದ ತಲೆಸುತ್ತು. ಚೀಲದಲ್ಲಿ ಇರಬೇಕಾದ ಹರಳು ಕಳಚಿ ನಾಳದೊಳಗೆ ಬಿದ್ದಿದೆ. ಹೆಚ್ಚಾಗಿ ಹಿಂಭಾಗದ ನಾಳಕ್ಕೆ, ಯಾಕೆಂದರೆ ಅದೇ ಎಲ್ಲಕ್ಕಿಂತ ತಗ್ಗಿನಲ್ಲಿರುವುದು. ಮಲಗಿದಾಗ ಹರಳು ನಾಳದಲ್ಲಿ ಜಾರುತ್ತದೆ, ದ್ರವವನ್ನು ಎಳೆದುಕೊಂಡು ಹೋಗುತ್ತದೆ. ನಾಳಕ್ಕೆ ತಿಳಿಯುವುದು ದ್ರವ ಹರಿಯಿತು ಎಂದಷ್ಟೇ. ಅದು ಮಿದುಳಿಗೆ ‘ತಲೆ ತಿರುಗುತ್ತಿದೆ’ ಎಂದು ವರದಿ ಕೊಡುತ್ತದೆ. ಹರಳು ತಳ ಸೇರಿ ನಿಂತ ಮೇಲೆ ವರದಿಯೂ ನಿಲ್ಲುತ್ತದೆ.

1921ರಲ್ಲೇ ಬಾರಾನಿ ಇಂಥ ರೋಗಿಯೊಬ್ಬರನ್ನು ವರ್ಣಿಸಿದ್ದರು. 1952ರಲ್ಲಿ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಪರೀಕ್ಷೆಯ ವಿಧಾನ ಕೊಟ್ಟರು. ಕುಳಿತವರ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬೇಗ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆ ಹೊಡೆದುಕೊಳ್ಳುತ್ತದೆಯೇ ಎಂದು ನೋಡುವುದು. ಅಷ್ಟೇ. ಇದಕ್ಕೆ ಸ್ಕ್ಯಾನ್ ಬೇಡ, ಯಂತ್ರವೂ ಬೇಡ. ಬೇಕಾಗಿರುವುದು ಒಂದು ಮಂಚ. ಆದರೆ ಚಿಕಿತ್ಸೆ? ಅಮೆರಿಕದ ಪೋರ್ಟ್‌ಲ್ಯಾಂಡ್‌ನ ವೈದ್ಯ ಜಾನ್ ಎಪ್ಲಿ, ಹರಳು ಬಂದ ದಾರಿಯಲ್ಲೇ ಅದನ್ನು ಉರುಳಿಸಿ ವಾಪಸ್ ಕಳಿಸಬಹುದಲ್ಲ ಎಂದು ಯೋಚಿಸಿದರು. ತಲೆಯನ್ನು ನಾಲ್ಕೈದು ಭಂಗಿಗಳಲ್ಲಿ ಕ್ರಮವಾಗಿ ತಿರುಗಿಸಿದರೆ ಸಾಕು. 1980ರಲ್ಲಿ ಸಭೆಯೊಂದರಲ್ಲಿ ತೋರಿಸಿದಾಗ ಸಹವೈದ್ಯರು ನಂಬಲಿಲ್ಲ. ತಲೆ ತಿರುಗಿಸಿ ತಲೆ ಸುತ್ತು ವಾಸಿ ಮಾಡುತ್ತೇನೆ ಅಂದರೆ ಯಾರು ನಂಬುತ್ತಾರೆ ಹೇಳಿ! ಅವರ ಮುಖ್ಯ ಪ್ರಬಂಧ ಅಚ್ಚಾದದ್ದು 1992ರಲ್ಲಿ. ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ನಾಳದೊಳಗೆ ತೇಲುವ ಕಣಗಳನ್ನು ಕಣ್ಣಾರೆ ಕಂಡವರೂ ಇದ್ದರು. ಇವತ್ತು ಅದು ಜಗತ್ತಿನಾದ್ಯಂತ ಮೊದಲ ಚಿಕಿತ್ಸೆ. ಹೆಚ್ಚಿನವರಿಗೆ ಒಂದೆರಡು ಸಲದಲ್ಲೇ ಗುಣವಾಗುತ್ತದೆ. ಮತ್ತೆ ಬರಬಹುದು, ಬಂದರೆ ಮತ್ತೆ ಮಾಡುವುದು.

ವಿಡಿಯೋ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದಾ ಎಂದು ಯಾರೋ ಕೇಳುತ್ತಿದ್ದಾರೆ. ಯಾವ ಕಿವಿ, ಯಾವ ನಾಳ ಎಂದು ಒಮ್ಮೆ ಪರೀಕ್ಷೆ ಮಾಡಿಸಿಕೊಂಡ ಮೇಲೆ, ಕಲಿಸಿಕೊಟ್ಟರೆ, ಮಾಡಬಹುದು. ಗೊತ್ತಿಲ್ಲದೆ ಬೇಡ. ತಪ್ಪು ಕಡೆಗೆ ಉರುಳಿಸಿದರೆ ಉಪಯೋಗ ಇಲ್ಲ. ಇನ್ನೊಂದು ಮಾತು. ಈ ತೊಂದರೆಗೆ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುವವರು ಬಹಳ ಇದ್ದಾರೆ. ಮಾತ್ರೆ ಹರಳನ್ನು ಅಲ್ಲಾಡಿಸುವುದಿಲ್ಲ.

ಇನ್ನೊಂದು ಬಗೆ ಬೇರೆಯೇ. ಬೆಳಗ್ಗೆ ಏಳುತ್ತೀರಿ, ತಲೆ ಸುತ್ತು ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. ಇಡೀ ದಿನ ವಾಂತಿ. ಇದು ಒಂದು ಕಡೆಯ ನರದ ಉರಿಯೂತ ಇರಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ಗೊತ್ತಿರಬೇಕು. ಒಳಕಿವಿಯ ನರ ಸುಮ್ಮನಿರುವುದೇ ಇಲ್ಲ. ನೀವು ಕದಲದೆ ಕೂತಿದ್ದರೂ ಮಿಡಿಯುತ್ತಲೇ ಇರುತ್ತದೆ. ಕೋತಿಗಳಲ್ಲಿ ಅಳೆದಾಗ ಒಂದೊಂದು ನರತಂತು ಸೆಕೆಂಡಿಗೆ ಸುಮಾರು 90 ಸಲ ಮಿಡಿಯುವುದು ಕಂಡಿದೆ. ಬಲಕ್ಕೆ ತಿರುಗಿದರೆ ಬಲಗಡೆಯದು ಏರುತ್ತದೆ, ಎಡದ್ದು ಇಳಿಯುತ್ತದೆ. ಮಿದುಳು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು. ಎಡಗಡೆಯ ನರ ಥಟ್ಟನೆ ಸುಮ್ಮನಾದರೆ? ವ್ಯತ್ಯಾಸ ದೊಡ್ಡದಾಯಿತು. ಬಲಕ್ಕೆ ಗಿರಗಿರ ತಿರುಗುತ್ತಿದ್ದೇವೆ ಎಂದು ಮಿದುಳು ತೀರ್ಮಾನಿಸುತ್ತದೆ. ನೀವು ದಿಂಬಿಗೆ ತಲೆ ಕೊಟ್ಟು ಮಲಗಿದ್ದೀರಿ ಅಷ್ಟೇ.

ಆದರೆ ಇದೇ ಲಕ್ಷಣ ಹಿಂಮಿದುಳಿನ ಪಾರ್ಶ್ವವಾಯುವಿನಲ್ಲೂ ಬರಬಹುದು. ಬೇರ್ಪಡಿಸುವುದು ಹೇಗೆ? 1988ರಲ್ಲಿ ಸಿಡ್ನಿಯ ಮೈಕೇಲ್ ಹಾಲ್ಮಾಜಿ ಮತ್ತು ಇಯಾನ್ ಕರ್ಥಾಯ್ಸ್ ಒಂದು ಸರಳ ಪರೀಕ್ಷೆ ಕೊಟ್ಟರು. ರೋಗಿ ವೈದ್ಯರ ಮೂಗನ್ನೇ ನೋಡುತ್ತಿರಬೇಕು. ವೈದ್ಯರು ಅವರ ತಲೆಯನ್ನು ಸ್ವಲ್ಪವೇ, ಆದರೆ ಚುರುಕಾಗಿ ಪಕ್ಕಕ್ಕೆ ತಿರುಗಿಸುತ್ತಾರೆ. ಕಿವಿಯ ನರ ಕೆಟ್ಟಿದ್ದರೆ ಕಣ್ಣು ತಲೆಯ ಜತೆಗೇ ಹೋಗಿ, ಆಮೇಲೆ ಜಿಗಿದು ಮೂಗಿಗೆ ವಾಪಸ್ ಬರುತ್ತದೆ. ವಿಚಿತ್ರ ಏನೆಂದರೆ, ಬಿಡದೆ ತಲೆ ಸುತ್ತುತ್ತಿರುವವರಲ್ಲಿ ಈ ಪರೀಕ್ಷೆ ಸರಿಯಾಗಿ ಬಂದರೆ ಅದು ಕೆಟ್ಟ ಸುದ್ದಿ. ಕಿವಿ ಸರಿಯಿದೆ, ಹಾಗಾದರೆ ತೊಂದರೆ ಮಿದುಳಿನಲ್ಲಿರಬಹುದು. ಇದರ ಜತೆಗೆ ಕಣ್ಣಿನ ಇನ್ನೆರಡು ಚಿಹ್ನೆಗಳನ್ನು ಸೇರಿಸಿ ನೋಡಿದರೆ, ಪಳಗಿದ ವೈದ್ಯರ ಕೈಯಲ್ಲಿ ಅದು ಮೊದಲ ಒಂದೆರಡು ದಿನದ ಎಂಆರ್‌ಐಗಿಂತ ಚೆನ್ನಾಗಿ ಪಾರ್ಶ್ವವಾಯುವನ್ನು ಹಿಡಿಯುತ್ತದೆ ಎಂದು ನರವೈದ್ಯ ಡೇವಿಡ್ ನ್ಯೂಮನ್-ಟೋಕರ್ ಇದ್ದ ತಂಡ 2009ರಲ್ಲಿ ತೋರಿಸಿತು. ಮಾತು ತೊದಲುವುದು, ಒಂದೇ ಎರಡಾಗಿ ಕಾಣುವುದು, ಆಧಾರವಿಲ್ಲದೆ ನಿಲ್ಲಲೇ ಆಗದಿರುವುದು ಇವುಗಳಲ್ಲಿ ಯಾವುದು ಜತೆಗಿದ್ದರೂ ಯೋಚಿಸುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ನರ ಕೆಟ್ಟವರು ಹಾಗಾದರೆ ಜೀವನಪೂರ್ತಿ ತಿರುಗುತ್ತಲೇ ಇರುತ್ತಾರಾ? ಇಲ್ಲ. ಕೆಲವು ದಿನಗಳಲ್ಲಿ ಮಿದುಳು ಹೊಸ ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಅದಕ್ಕೆ ಓಡಾಟ ಬೇಕು. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು ರೋಗಿಗಳಿಗೆ ಬೇಕೆಂದೇ ತಲೆ, ಕಣ್ಣು ತಿರುಗಿಸುವ ವ್ಯಾಯಾಮ ಶುರು ಮಾಡಿಸಿದರು. ತಲೆ ಸುತ್ತುತ್ತದೆ ಎಂದು ಕದಲದೆ ಮಲಗಿದವರು, ಮಂಪರು ತರುವ ಮಾತ್ರೆ ಬಿಡದವರು ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ತಪ್ಪು ಕಂಡರೆ ತಾನೆ ಮಿದುಳು ತಿದ್ದಿಕೊಳ್ಳುವುದು.

ಮಿದುಳು ಕಿವಿಯೊಂದನ್ನೇ ಕೇಳುವುದೂ ಇಲ್ಲ. ನಿಂತ ರೈಲಿನಲ್ಲಿ ಕೂತಿರುವಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಿತು ಅನಿಸುತ್ತದೆ. ಕಣ್ಣು ಚಲನೆ ಎನ್ನುತ್ತದೆ. ಕಿವಿ ಏನೂ ಹೇಳುವುದಿಲ್ಲ, ಆದರೆ ಒಂದೇ ವೇಗದಲ್ಲಿ ಹೋಗುವಾಗಲೂ ಅದು ಏನೂ ಹೇಳುವುದಿಲ್ಲವಲ್ಲ! ಹಾಗಾಗಿ ಮಿದುಳು ಕಣ್ಣಿನ ಮಾತು ಒಪ್ಪುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ನರವಿಜ್ಞಾನಿ ಕ್ಯಾಥ್ಲೀನ್ ಕಲನ್ ಅವರ ಪ್ರಯೋಗಗಳಲ್ಲಿದೆ. ಕೋತಿ ತಾನೇ ತಲೆ ತಿರುಗಿಸಿದಾಗಲೂ, ಬೇರೆಯವರು ತಿರುಗಿಸಿದಾಗಲೂ ಕಿವಿಯಿಂದ ಬರುವ ಸುದ್ದಿ ಒಂದೇ. ಆದರೆ ಅದು ಮಿದುಳುಕಾಂಡ ಮುಟ್ಟಿದಾಗ, ಅಲ್ಲಿನ ಕೆಲವು ನರಕೋಶಗಳು ತಾನೇ ಮಾಡಿದ ಚಲನೆಯ ಸುದ್ದಿಯನ್ನು ಬಹುಪಾಲು ಅಡಗಿಸಿಬಿಡುತ್ತವೆ. ನಿರೀಕ್ಷಿಸದೆ ಬಂದದ್ದಕ್ಕೆ ಜೋರಾಗಿ ಪ್ರತಿಕ್ರಿಯಿಸುತ್ತವೆ. ವಾಹನದಲ್ಲಿ ವಾಂತಿ ಮಾಡುವವರು ತಾವೇ ಓಡಿಸುವಾಗ ಆರಾಮಾಗಿರುತ್ತಾರಲ್ಲ, ಅದಕ್ಕೂ ಇದಕ್ಕೂ ನಂಟಿದೆ. ಓಡಿಸುವವರಿಗೆ ಮುಂದಿನ ತಿರುವು ಮೊದಲೇ ಗೊತ್ತು.

ಕಣ್ಣು, ಕಿವಿ, ನಿರೀಕ್ಷೆ ಹೊಂದದಿದ್ದಾಗ ಓಕರಿಕೆ ಬರುತ್ತದೆ ಅನ್ನುವುದನ್ನು ಈಗ ಬಹುಮಂದಿ ಒಪ್ಪುತ್ತಾರೆ. ಆದರೆ ಹೊಟ್ಟೆ ಯಾಕೆ ತೊಳಸಬೇಕು? ಇಂದ್ರಿಯಗಳು ತಾಳ ತಪ್ಪಿದರೆ ವಿಷ ತಿಂದಿದ್ದೇವೆ ಎಂದು ದೇಹ ತಿಳಿಯುತ್ತದೆ, ಹಾಗಾಗಿ ವಾಂತಿ ಎಂದು 1977ರಲ್ಲಿ ಮನಶ್ಶಾಸ್ತ್ರಜ್ಞ ಮಿಶೆಲ್ ಟ್ರೀಸ್ಮನ್ ಹೇಳಿದರು. ಕೇಳಲು ಚೆನ್ನಾಗಿದೆ. ಪರೀಕ್ಷಿಸುವುದು ಕಷ್ಟ. ನನಗೆ ಅದು ಸಿದ್ಧಾಂತಕ್ಕಿಂತ ಒಳ್ಳೆಯ ಕತೆಯ ಹಾಗೆ ಕಾಣುತ್ತದೆ.

ಒಳಕಿವಿ ಇಲ್ಲದೆ ಈ ಓಕರಿಕೆ ಇಲ್ಲ ಅನ್ನುವುದಂತೂ ಗಟ್ಟಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಗ್ಯಾಲಡೆಟ್ ಕಾಲೇಜಿನಿಂದ 11 ಮಂದಿ ಕಿವುಡರನ್ನು ಆರಿಸಿಕೊಂಡರು. ಅವರಲ್ಲಿ ಹೆಚ್ಚಿನವರ ಒಳಕಿವಿ ಚಿಕ್ಕಂದಿನ ಮೆನಿಂಜೈಟಿಸ್‌ನಿಂದ ಹಾಳಾಗಿತ್ತು. ಬಾಹ್ಯಾಕಾಶಕ್ಕೆ ಮನುಷ್ಯನನ್ನು ಕಳಿಸುವ ಮೊದಲು ತಿಳಿಯಬೇಕಾದ್ದು ಬಹಳ ಇತ್ತು. ಅವರಲ್ಲಿ ನಾಲ್ವರನ್ನು ತಿರುಗುವ ಕೋಣೆಯಲ್ಲಿ 12 ದಿನ ಇರಿಸಿದರು. ಅಬ್ಬರದ ಕಡಲಿಗೂ ಕರೆದುಕೊಂಡು ಹೋದರು. ಹಡಗಿನಲ್ಲಿ ಇವರು ಇಸ್ಪೀಟು ಆಡುತ್ತಾ ಕೂತಿದ್ದರಂತೆ, ಸಂಶೋಧಕರು ಒಬ್ಬೊಬ್ಬರೇ ಮಲಗಿಬಿಟ್ಟರಂತೆ. ಪ್ರಯೋಗ ಅರ್ಧಕ್ಕೇ ನಿಂತಿತು.

ಗಾತ್ರದ ಬಗ್ಗೆಯೂ ಒಂದು ಮಾತು. ಬ್ರೆಜಿಲ್‌ನಲ್ಲಿ ಕಿತ್ತಳೆ ಬಣ್ಣದ ತೀರಾ ಪುಟ್ಟ ಕಪ್ಪೆಗಳಿವೆ. ಜಿಗಿದರೆ ಗಾಳಿಯಲ್ಲೇ ಮಗುಚಿ ಧೊಪ್ಪೆಂದು ಬೀಳುತ್ತವೆ. ಅವುಗಳ ನಾಳಗಳು ಎಷ್ಟು ಸಣ್ಣವೆಂದರೆ ಒಳಗಿನ ದ್ರವ ಸಲೀಸಾಗಿ ಹರಿಯುವುದೇ ಇಲ್ಲ ಎಂದು 2022ರ ಅಧ್ಯಯನ ಹೇಳಿತು. ದೇಹ ಕುಗ್ಗಿದಷ್ಟು ಈ ಅಂಗ ಕುಗ್ಗುವಂತಿಲ್ಲ.

ಕೊನೆಗೆ, ಕೆಟ್ಟುಹೋದದ್ದನ್ನು ಸರಿ ಮಾಡುವ ಮಾತು. ಹಕ್ಕಿಗಳಲ್ಲಿ ರೋಮಕೋಶ ಸತ್ತರೆ ಮತ್ತೆ ಹುಟ್ಟುತ್ತದೆ. ನಮ್ಮಲ್ಲಿ ಆಸರೆಗೆ ಬರುವಷ್ಟು ಹುಟ್ಟುವುದಿಲ್ಲ. ಹಾಗಾಗಿ ವಿದ್ಯುತ್ ಸಾಧನದ ದಾರಿ. ತಲೆಗೆ ಅಂಟಿಸಿದ ಪುಟ್ಟ ಸಂವೇದಕ ತಲೆ ತಿರುಗುವುದನ್ನು ಅಳೆಯುತ್ತದೆ, ಒಳಗಿನ ತಂತಿಗಳು ನಾಳಗಳ ನರವನ್ನು ಮಿಡಿಸುತ್ತವೆ. ಜಾನ್ಸ್ ಹಾಪ್ಕಿನ್ಸ್‌ನ ತಂಡ 2021ರಲ್ಲಿ ಎಂಟು ಜನರ ಫಲಿತಾಂಶ ಪ್ರಕಟಿಸಿತು. ನಿಲ್ಲುವುದು, ನಡೆಯುವುದು ಸುಧಾರಿಸಿತ್ತು. ಸಾಧನ ಮೊದಲು ಒಂದೇ ಗತಿಯಲ್ಲಿ ಮಿಡಿಯುತ್ತಾ ಇರಬೇಕು. ಇದೇ ‘ಕದಲದ ಸ್ಥಿತಿ’ ಎಂದು ಮಿದುಳು ಒಪ್ಪಿಕೊಂಡ ಮೇಲೆ ಆ ಗತಿಯನ್ನು ಏರಿಸಿ ಇಳಿಸಿ ಸುದ್ದಿ ಕಳಿಸುವುದು. ಬೆಲೆಯೂ ಇದೆ. ಸಾಧನ ಹಾಕಿದ ಕಿವಿಯಲ್ಲಿ ಕೇಳುವ ಶಕ್ತಿ ತಗ್ಗಿತು, ಕೆಲವರಿಗೆ ಬಹಳವೇ ತಗ್ಗಿತು. ಈ ಸಾಧನದಿಂದ ಸದ್ಯಕ್ಕೆ ಸಿಗುವುದು ನಾಳಗಳ ಸುದ್ದಿ ಮಾತ್ರ. ಹರಳಿನ ಚೀಲಗಳದು ಇನ್ನೂ ಕಷ್ಟ. ಅಲ್ಲಿ ಒಂದೊಂದು ರೋಮಕೋಶ ಒಂದೊಂದು ದಿಕ್ಕಿಗೆ ಮುಖ ಮಾಡಿದೆ. ಅಂಥ ಕಡೆ ಒಂದು ತಂತಿ ಇಟ್ಟರೆ ಅದು ಎಲ್ಲ ದಿಕ್ಕುಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ.